ಆರದ ಗಡಿಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಕರಾವಳಿಯಲ್ಲಿರುವ ಬಾಸ್ಟನ್ ನಗರಕ್ಕೆ 'ಬೀನ್‌ಟೌನ್' ಎಂಬ ಅಡ್ಡಹೆಸರುಂಟು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕಾಳಿನ ಊರು. ಸಣ್ಣ ಬಿಳಿಯ ಬೀನ್ಸ್ ಕಾಳನ್ನು ಕಾಕಂಬಿ, ಸಾಸಿವೆ, ಉಪ್ಪಿನಲ್ಲಿಟ್ಟ ಹಂದಿಯ ಮಾಂಸ ಇವುಗಳೊಡನೆ ಮಣ್ಣಿನ ಗಡಿಗೆಯಲ್ಲಿ ತುಂಬಿ, ಗೂಡೊಲೆಯೊಳಗೆ ಆರೆಂಟು ಗಂಟೆಗಳ ಕಾಲ ಬೇಯಲು ಬಿಡುವುದು ಆ ಸೀಮೆಯ ಹಳೆಯ ಅಡಿಗೆ. ಹದವಾಗಿ ಬೆಂದ ಕಾಳು ಇಡಿಯಾಗಿಯೇ ಉಳಿದಿರುತ್ತದೆ. ನಾಲಗೆಯ ಮೇಲಿಟ್ಟು ಒತ್ತಿದರೆ ಕೆನೆಯಂತೆ ಕರಗುತ್ತದೆ. ಸುತ್ತಲಿನ ರಸವೂ ಗಟ್ಟಿಯಾಗಿ ಸೌಟಿಗೆ ಅಂಟುತ್ತದೆ. ಈಗಿನ ಮನೆಗಳಲ್ಲಿ ಇದರ ದಾಯಾದಿಗಳು ಹಲವಾಗಿವೆ. ಕಾಕಂಬಿಯ ಬದಲು ಹಾಲು, ಕೆನೆ, ಹಿಟ್ಟು ಬೆರೆಸಿದ ಬಿಳಿಯ ಗೊಜ್ಜಿನಲ್ಲಿ ಕಾಳನ್ನು ಹಾಕಿ, ಮೇಲೆ ರೊಟ್ಟಿಯ ಪುಡಿ ಉದುರಿಸಿ, ಅಗಲವಾದ ಪಾತ್ರೆಯಲ್ಲಿ ಬೇಯಿಸುವುದೂ ಉಂಟು. ಪಾತ್ರೆಯ ಹೆಸರೇ ಅಡಿಗೆಗೂ ಬಂದು ಅದನ್ನು 'ಕ್ಯಾಸರೋಲ್' ಎನ್ನುತ್ತಾರೆ.

ಕಾಳು ನಮಗೆ ಅಪರಿಚಿತವಾದುದೇನೂ ಅಲ್ಲ. ನಾವು ಪಲ್ಯಕ್ಕೆ ಹೆಚ್ಚುವ ಬೀನ್ಸ್ ಕಾಯಿ, ಅಂಗಡಿಯಲ್ಲಿ ರಾಜ್ಮಾ ಎಂದು ಮಾರುವ ಕೆಂಪು ಕಾಳು, ಬಾಸ್ಟನ್ನಿನ ಬಿಳಿಯ ಕಾಳು, ಮೂರೂ ಒಂದೇ ಸಸ್ಯಜಾತಿಯ ತಳಿಗಳು. ಅದರ ತವರು ಅಮೆರಿಕ ಖಂಡ. ಉಳಿದ ಲೋಕಕ್ಕೆ ಅದು ಬಂದದ್ದು ಕೊಲಂಬಸನ ಯಾನದ ನಂತರ.

ಈ ಅಡಿಗೆಯನ್ನು ಉಣ್ಣುವ ದಿನಕ್ಕೆ ಮುಂಚೆಯೇ ಮಾಡಿಡುವ ಪದ್ಧತಿ ಬಂದದ್ದು ಧರ್ಮದ ಕಟ್ಟಳೆಯಿಂದ. ೧೬೩೦ರಲ್ಲಿ ಬಾಸ್ಟನ್ನನ್ನು ಕಟ್ಟಿದ ಪ್ಯೂರಿಟನ್ ಪಂಥದವರಿಗೆ ಶನಿವಾರದ ಸೂರ್ಯಾಸ್ತದಿಂದ ಭಾನುವಾರದ ಸೂರ್ಯಾಸ್ತದವರೆಗೆ ಯಾವ ಕೆಲಸವೂ ಕೂಡದು. ಒಲೆಯ ಮುಂದೆ ನಿಂತು ಬೇಯಿಸುವುದೂ ಕೆಲಸವೇ. ಆದುದರಿಂದ ಶುಕ್ರವಾರ ರಾತ್ರಿ ಕಾಳನ್ನು ನೆನೆಹಾಕಿ, ಶನಿವಾರ ಬೆಳಿಗ್ಗೆ ಗಡಿಗೆಯನ್ನು ಒಲೆಗೆ ಸೇರಿಸಿ, ಆ ರಾತ್ರಿ ಒಂದಿಷ್ಟು ಉಂಡು, ಉಳಿದುದನ್ನು ಒಲೆಯಲ್ಲಿಯೇ ಬಿಟ್ಟು ಭಾನುವಾರ ಬೆಳಿಗ್ಗೆ ಬಿಸಿಯಾಗಿ ತಿನ್ನುತ್ತಿದ್ದರು. ಯೆಹೂದ್ಯರ 'ಚೋಲೆಂಟ್' ಎಂಬ ಅಡಿಗೆಯ ಕಥೆಯೂ ಇಂಥದೇ. ಅವರ ಸಬ್ಬತ್ ಶುಕ್ರವಾರ ಸಂಜೆ ತೊಡಗುತ್ತದೆ. ಆ ಹೊತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಕಾಳು, ಧಾನ್ಯ, ಮಾಂಸಗಳ ಗಡಿಗೆ ಸೂರ್ಯಾಸ್ತಕ್ಕೆ ಮೊದಲೇ ಒಲೆಯೊಳಗೆ ಇರಬೇಕು. ಮೇಯ್ನ್ ಸೀಮೆಯಲ್ಲಿ ಮರ ಕಡಿಯುವವರು ನೆಲದಲ್ಲಿ ಗುಂಡಿ ತೋಡಿ, ಕೆಂಡ ತುಂಬಿ, ಅದರಲ್ಲಿ ಕಾಳಿನ ಪಾತ್ರೆಯನ್ನು ರಾತ್ರಿಯಿಡೀ ಹೂತಿಡುತ್ತಿದ್ದರು. ಇವರೆಲ್ಲರೂ ನೆಚ್ಚಿದ್ದುದು ಒಂದೇ ಸಂಗತಿಯನ್ನು: ಬೆಂಕಿ ಆರಿದ ಮೇಲೂ ಶಾಖ ಉಳಿಯುತ್ತದೆ.

ಎಷ್ಟು ಉಳಿಯುತ್ತದೆ? ಹಳೆಯ ಗೂಡೊಲೆಯಲ್ಲಿ ಸೌದೆಯನ್ನು ಒಲೆಯ ಒಳಗೇ ಉರಿಸಿ, ಇಟ್ಟಿಗೆಗಳು ಚೆನ್ನಾಗಿ ಕಾದ ಮೇಲೆ ಕೆಂಡವನ್ನು ಹೊರಗೆ ಗೋರಿ, ಗಡಿಗೆಯನ್ನಿಟ್ಟು ಬಾಗಿಲು ಮುಚ್ಚುತ್ತಿದ್ದರು. ಒಲೆಯಲ್ಲಿ ಒಂದು ಟನ್ನಿನಷ್ಟು ಇಟ್ಟಿಗೆ ಇದೆಯೆಂದು ಭಾವಿಸೋಣ. ಇಟ್ಟಿಗೆಯ ವಿಶಿಷ್ಟೋಷ್ಣ ಸುಮಾರು ೦.೨. ಅದು ೧೦೦ ಡಿಗ್ರಿಯಷ್ಟು ತಣಿಯುವಾಗ ಬಿಟ್ಟುಕೊಡುವ ಶಾಖ ೨೦,೦೦೦ ಕಿಲೊಕ್ಯಾಲರಿ. ಗಡಿಗೆಯಲ್ಲಿ ಕಾಳೂ ನೀರೂ ಸೇರಿ ೫ ಕಿಲೊಗ್ರಾಂ ಇದ್ದು, ಅದೆಲ್ಲವನ್ನೂ ನೀರೆಂದೇ ಎಣಿಸಿದರೂ, ೨೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಏರಿಸಲು ಬೇಕಾದುದು ೪೦೦ ಕಿಲೊಕ್ಯಾಲರಿ ಮಾತ್ರ. ಇಟ್ಟಿಗೆಗಳ ಉಗ್ರಾಣದಲ್ಲಿ ಅದರ ಐವತ್ತರಷ್ಟಿದೆ. ಗೋಡೆಯ ಮೂಲಕ ಬಹುಪಾಲು ಸೋರಿಹೋದರೂ ರಾತ್ರಿ ಕಳೆಯಲು ಸಾಲುತ್ತದೆ.

ಇನ್ನು ಕಾಳಿನ ಕಡೆಗೆ ಬರೋಣ. ಒಣಗಿದ ಕಾಳಿನ ಸಿಪ್ಪೆ ನೀರನ್ನು ಸುಲಭವಾಗಿ ಒಳಗೆ ಬಿಡದು. ನೆನೆಹಾಕಿದಾಗ ನೀರು ಮೊದಲು ನುಗ್ಗುವುದು ಕಾಳಿನ 'ಕಣ್ಣಿ'ನ ಬಳಿ. ಅದಕ್ಕಾಗಿಯೇ ಮೊದಲ ಒಂದೆರಡು ಗಂಟೆಗಳಲ್ಲಿ ಸಿಪ್ಪೆ ಮಾತ್ರ ಉಬ್ಬಿ ಸುಕ್ಕುಗಟ್ಟುತ್ತದೆ. ಒಳಗಿನ ಬೇಳೆ ನಿಧಾನವಾಗಿ ನೀರು ಕುಡಿದು ಆ ಸುಕ್ಕನ್ನು ತುಂಬುತ್ತದೆ. ಬೆಳಗಾಗುವ ವೇಳೆಗೆ ಕಾಳಿನ ತೂಕ ಸುಮಾರು ಇಮ್ಮಡಿಯಾಗಿರುತ್ತದೆ. ನೆನೆಹಾಕುವ ನೀರಿಗೆ ಸ್ವಲ್ಪ ಉಪ್ಪು ಸೇರಿಸಿದರೆ ಕಾಳು ಬೇಗ ಬೇಯುತ್ತದೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿಗೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳಲ್ಲಿ ಕೆಲವನ್ನು ಹೊರದೂಡಿ ತಾನು ಆ ಜಾಗದಲ್ಲಿ ಕೂಡುತ್ತದೆ, ಅಂಟು ಸಡಿಲಗೊಳ್ಳುತ್ತದೆ. ಉಪ್ಪು ಹಾಕಿದರೆ ಕಾಳು ಬೇಯದೆಂಬ ಮಾತು ಬಹಳ ಮನೆಗಳಲ್ಲಿ ಪ್ರಚಾರದಲ್ಲಿದೆ. ಆ ಅಪವಾದ ನಿಜವಾಗಿ ಸಲ್ಲಬೇಕಾದುದು ಹುಳಿಗೆ ಮತ್ತು ಗಡಸು ನೀರಿಗೆ.

ನೆನೆದ ಕಾಳನ್ನು ಒಲೆಯೊಳಗೆ ಇಡುವ ಮುನ್ನ ಬೇರೆ ನೀರಿನಲ್ಲಿ ಕುದಿಸಬೇಕು. ನ್ಯೂ ಇಂಗ್ಲೆಂಡಿನ ಗೃಹಿಣಿಯರು ಇದಕ್ಕೊಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದರು. ಚಮಚದಲ್ಲಿ ನಾಲ್ಕು ಕಾಳು ತೆಗೆದು ಬಾಯಿಂದ ಊದುವುದು. ಸಿಪ್ಪೆ ಬಿರಿದು ಸುರುಳಿಕೊಂಡರೆ ಕುದಿದದ್ದು ಸಾಕು. ಅವರಿಗೆ ತಿಳಿಯದೆಯೇ ಈ ಪದ್ಧತಿ ಇನ್ನೊಂದು ದೊಡ್ಡ ಉಪಕಾರವನ್ನೂ ಮಾಡುತ್ತಿತ್ತು. ಬೀನ್ಸ್ ಕಾಳಿನಲ್ಲಿ, ಅದರಲ್ಲಿಯೂ ಕೆಂಪು ರಾಜ್ಮಾದಲ್ಲಿ, ಫೈಟೊಹೀಮಾಗ್ಲುಟಿನಿನ್ ಎಂಬ ವಿಷದ ಪ್ರೋಟೀನಿದೆ. ಹಸಿಯ ಕೆಂಪು ಕಾಳು ನಾಲ್ಕೈದೇ ಆದರೂ ವಾಂತಿ ಭೇದಿ ತರಿಸಬಲ್ಲವು. ಬಿಳಿಯ ಕಾಳಿನಲ್ಲಿ ಅದರ ಪ್ರಮಾಣ ಕಡಿಮೆ, ಇಲ್ಲವೇ ಇಲ್ಲವೆನ್ನುವಂತಿಲ್ಲ. ಕುದಿಯುವ ನೀರಿನಲ್ಲಿ ಹತ್ತು ನಿಮಿಷಗಳಲ್ಲಿ ಈ ವಿಷ ನಾಶವಾಗುತ್ತದೆ. ಆದರೆ ೭೫-೮೦ ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ನಾಶವಾಗದು. ಅಷ್ಟೇ ಅಲ್ಲ, ಅರೆಬೆಂದ ಕಾಳು ಹಸಿಯ ಕಾಳಿಗಿಂತಲೂ ಹೆಚ್ಚು ವಿಷವಾಗಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಬೇಕೆಂದು ಸಲಹೆ ಮಾಡುತ್ತದೆ. ಮಂದವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಿಗೆ ನೆನೆದ ಕಾಳನ್ನು ನೇರವಾಗಿ ಸುರಿಯುವವರು ಇದನ್ನು ನೆನಪಿನಲ್ಲಿಡಬೇಕು. ಕಾಳು ಮೆತ್ತಗಾಗಿದೆ ಎಂಬುದಷ್ಟೇ ವಿಷ ಹೋಗಿದೆ ಎಂಬುದಕ್ಕೆ ಸಾಕ್ಷಿಯಾಗದು.

ಕುದಿದ ಕಾಳು ಈಗ ಗಡಿಗೆಯನ್ನು ಸೇರಿ ಒಲೆಗೆ ಹೋಗುತ್ತದೆ. ಒಲೆಯ ಗಾಳಿ ೧೨೦ ಡಿಗ್ರಿಯಲ್ಲಿರಲಿ, ೧೫೦ರಲ್ಲಿರಲಿ, ನೀರಿರುವವರೆಗೆ ಗಡಿಗೆಯ ಒಳಗು ಕುದಿಬಿಂದುವನ್ನು ಮೀರದು. ಅದು ಬಾಸ್ಟನ್ನಿನಲ್ಲಿ ೧೦೦ ಡಿಗ್ರಿ. ಸಮುದ್ರಮಟ್ಟದಿಂದ ಒಂಬತ್ತುನೂರು ಮೀಟರಿನಷ್ಟು ಎತ್ತರದ ಬೆಂಗಳೂರಿನಲ್ಲಿ ಸುಮಾರು ೯೭. ಹೆಚ್ಚಿಗೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೆ, ಗ್ರಾಮಿಗೆ ೫೪೦ ಕ್ಯಾಲರಿಯಂತೆ, ವೆಚ್ಚವಾಗಿಹೋಗುತ್ತದೆ. ಉರಿ ಹೆಚ್ಚಿಸಿದರೆ ಕಾಳು ಬೇಗ ಬೇಯುವುದಿಲ್ಲ, ಬೇಗ ಒಣಗುತ್ತದೆ. ಬಾಯಿ ಅಗಲವಾದ ತೆರೆದ ಪಾತ್ರೆಯಲ್ಲಿ ಮೇಲ್ಭಾಗದ ಆವಿಯೇ ಶಾಖವನ್ನು ಕದ್ದೊಯ್ದು ಒಳಗಿನ ಉಷ್ಣತೆಯನ್ನು ಕುದಿಬಿಂದುವಿಗಿಂತ ಕೆಳಗೇ ಹಿಡಿದಿಡುತ್ತದೆ. ಬಾಸ್ಟನ್ನಿನ ಗಡಿಗೆಗೆ ಉಬ್ಬಿದ ಹೊಟ್ಟೆ, ಕಿರಿದಾದ ಬಾಯಿ, ಮೇಲೊಂದು ಮುಚ್ಚಳ. ಅದನ್ನು ರೂಪಿಸಿದ ಕುಂಬಾರನಿಗೆ ಗುಪ್ತೋಷ್ಣದ ಹೆಸರು ಗೊತ್ತಿರಲಾರದು.

ಕಾಕಂಬಿಯ ಪಾತ್ರವೂ ವಿಚಿತ್ರವೇ. ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಹುಟ್ಟಿದ ಈ ವಸ್ತು ರಮ್ ಭಟ್ಟಿಗಳಿಗಾಗಿ ಬಾಸ್ಟನ್ನಿನ ಬಂದರಿಗೆ ಬಂದು ಅಡಿಗೆಮನೆಯನ್ನೂ ಹೊಕ್ಕಿತು. ಅದರಲ್ಲಿ ಹುಳಿಯೂ ಇದೆ, ಕ್ಯಾಲ್ಸಿಯಂ ಕೂಡ ಇದೆ. ಎರಡೂ ಕಾಳು ಮೆತ್ತಗಾಗುವುದನ್ನು ತಡೆಯುತ್ತವೆ. ಬೇಯದ ಕಾಳಿಗೆ ಮೊದಲೇ ಸುರಿದರೆ ಅದು ಎಂದಿಗೂ ಬೇಯಲಿಕ್ಕಿಲ್ಲ. ಅರೆ ಬೆಂದ ಮೇಲೆ ಸೇರಿಸಿದರೆ ಎಂಟು ಗಂಟೆ ಕಳೆದರೂ ಕಾಳು ಒಡೆದು ಗಂಜಿಯಾಗದಂತೆ ಕಾಯುತ್ತದೆ. ಒಳಗಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಆದರೆ ಕೋಶದ ಗೋಡೆ ಒಡೆಯುವುದಿಲ್ಲ. ನಾವು 'ಕೆನೆಯಂತಿದೆ' ಎನ್ನುವುದು ಹೀಗೆ ಬಿಡಿಬಿಡಿಯಾದ ನುಣ್ಣನೆಯ ಕೋಶಗಳು ನಾಲಗೆಯ ಮೇಲೆ ಜಾರುವುದನ್ನು. ಗೋಡೆಗಳೆಲ್ಲ ಒಡೆದು ಪಿಷ್ಟ ಹೊರಬಿದ್ದರೆ ಅದು ಕೆನೆಯಾಗದೆ ಸರಿಯಾಗುತ್ತದೆ, ಪುಸ್ತಕಕ್ಕೆ ರಟ್ಟು ಅಂಟಿಸುವ ಸರಿ. (ಕಾಕಂಬಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು. ೧೯೧೯ರ ಜನವರಿ ೧೫ರಂದು ಬಾಸ್ಟನ್ನಿನಲ್ಲಿ ಸುಮಾರು ೨೩ ಲಕ್ಷ ಗ್ಯಾಲನ್ ಕಾಕಂಬಿ ತುಂಬಿದ್ದ ತೊಟ್ಟಿಯೊಂದು ಒಡೆದು ಬೀದಿಗಳಲ್ಲಿ ಪ್ರವಾಹ ಹರಿದು ೨೧ ಜನ ಸತ್ತರು. ಚಳಿಗೆ ತಣಿಯುತ್ತ ಗಟ್ಟಿಯಾದ ಕಾಕಂಬಿ ಸಿಕ್ಕಿಕೊಂಡವರನ್ನು ಬಿಡಿಸುವವರ ಕೈಕಾಲನ್ನೇ ಹಿಡಿಯಿತು.)

ಮಾರನೆಯ ದಿನ ಈ ಅಡಿಗೆಗೆ ರುಚಿ ಹೆಚ್ಚು ಎಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿಯೂ ಹುಳಿ, ಗೊಜ್ಜುಗಳ ವಿಷಯದಲ್ಲಿ ಕೇಳುವ ಮಾತೇ ಇದು. ಇದಕ್ಕೆ ಭೌತಶಾಸ್ತ್ರದ ಆಧಾರವಿದೆ. ಶಾಖವೂ ಉಪ್ಪೂ ಕಾಳಿನೊಳಗೆ ಇಳಿಯುವುದು ವಿಸರಣದ ಒಂದೇ ಬಗೆಯ ನಿಯಮಕ್ಕೆ ಒಳಪಟ್ಟು. ಹೋಗಬೇಕಾದ ದೂರದ ವರ್ಗವನ್ನು ವಿಸರಣಾಂಕದಿಂದ ಭಾಗಿಸಿದರೆ ಬೇಕಾಗುವ ಕಾಲದ ಅಂದಾಜು ದೊರೆಯುತ್ತದೆ. ಸಿಪ್ಪೆಯಿಂದ ಕಾಳಿನ ನಡುವಿಗೆ ೩ ಮಿಲಿಮೀಟರ್ ಎಂದಿಟ್ಟುಕೊಂಡರೆ ಶಾಖಕ್ಕೆ ಹಿಡಿಯುವುದು ಸುಮಾರು ಒಂದು ನಿಮಿಷ. ನೀರಿನಲ್ಲಿ ಉಪ್ಪಿನ ವಿಸರಣಾಂಕ ಶಾಖದ್ದಕ್ಕಿಂತ ನೂರು ಪಟ್ಟು ಸಣ್ಣದು. ಆದುದರಿಂದ ಉಪ್ಪಿಗೆ ಒಂದೂವರೆ ಗಂಟೆಯಾದರೂ ಬೇಕು. ಬೇಳೆಯ ಕಿಕ್ಕಿರಿದ ಪಿಷ್ಟದ ನಡುವೆ ದಾರಿ ಮಾಡಿಕೊಂಡು ಹೋಗಲು ಇನ್ನೂ ಹೆಚ್ಚು. ಸಕ್ಕರೆಯ ಅಣು ದೊಡ್ಡದಾದ್ದರಿಂದ ಅದು ಉಪ್ಪಿಗಿಂತಲೂ ನಿಧಾನ. ಕಾಳು ಬೆಂದ ಎಷ್ಟೋ ಹೊತ್ತಿನ ಮೇಲೆ ರುಚಿ ಅದರ ನಡುವನ್ನು ತಲುಪುತ್ತದೆ. ತಣಿದಾಗ ಪಿಷ್ಟದ ಎಳೆಗಳು ಮತ್ತೆ ಹೆಣೆದುಕೊಂಡು ರಸ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಗಟ್ಟಿತನದಲ್ಲಿಯೇ ನಮ್ಮ ಮುಖ್ಯ ವಿಷಯವಿದೆ. ಅದನ್ನು ಮೊದಲು ಗಮನಿಸಿದವನು ಬಾಸ್ಟನ್ನಿನ ನೆರೆಯವನೇ. ಫಿರಂಗಿ ಕೊರೆಯುವಾಗ ಹುಟ್ಟುವ ಶಾಖವನ್ನು ಅಳೆದು, ಶಾಖವು ಒಂದು ದ್ರವವಲ್ಲವೆಂದು ವಾದಿಸಿದ ಕೌಂಟ್ ರಮ್‌ಫೋರ್ಡನ ಹೆಸರನ್ನು ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿರುತ್ತಾರೆ. ಅವನ ಹುಟ್ಟುಹೆಸರು ಬೆಂಜಮಿನ್ ಥಾಂಪ್ಸನ್. ಹುಟ್ಟಿದ್ದು ೧೭೫೩ರಲ್ಲಿ, ಬಾಸ್ಟನ್ನಿಗೆ ಸಮೀಪದ ವೋಬರ್ನ್ ಎಂಬ ಊರಿನಲ್ಲಿ. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿ, ಊರು ಬಿಟ್ಟು, ಬವೇರಿಯದ ದೊರೆಯಲ್ಲಿ ಅಧಿಕಾರಿಯಾದ. ಮ್ಯೂನಿಕ್ ನಗರದ ಬಡವರಿಗೆ ಬಟಾಣಿ, ಬಾರ್ಲಿ, ಆಲೂಗೆಡ್ಡೆಗಳನ್ನು ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಸಾರನ್ನು ಹಂಚಿಸಿದವನು ಇವನೇ. ಇಂಗ್ಲೆಂಡಿನ ಊಟಗಳಲ್ಲಿ ಬೇಯಿಸಿದ ಸೇಬಿನ ಭಕ್ಷ್ಯಗಳು ಉಳಿದವುಗಳಿಗಿಂತ ಬಹಳ ಹೊತ್ತು ಬಿಸಿಯಾಗಿರುವುದು ಅವನಿಗೆ ಸೋಜಿಗವಾಗಿ ಕಂಡಿತ್ತು. ಒಮ್ಮೆ ಪ್ರಯೋಗದಲ್ಲಿ ಮುಳುಗಿದ್ದಾಗ ತನಗಾಗಿ ತಂದ ಗಟ್ಟಿಯಾದ ಅಕ್ಕಿಯ ಗಂಜಿಯನ್ನು ಒಲೆಯ ಮೇಲೆ ಇಡಿಸಿ ಮರೆತ. ಸುಮಾರು ಒಂದು ಗಂಟೆಯ ನಂತರ ಮೇಲಿನಿಂದ ಒಂದು ಚಮಚ ತೆಗೆದುಕೊಂಡರೆ ತಣ್ಣಗಿತ್ತು. ಎರಡನೆಯ ಚಮಚ ಆಳಕ್ಕೆ ಇಳಿಯಿತು, ಬಾಯಿ ಸುಟ್ಟಿತು.

ಸುಟ್ಟ ಬಾಯಿಯನ್ನು ರಮ್‌ಫೋರ್ಡ್ ವ್ಯರ್ಥಗೊಳಿಸಲಿಲ್ಲ. ಬೆಂದ ಸೇಬಿನಲ್ಲಿ ಬಹುಪಾಲು ನೀರೇ ಇರುವುದನ್ನು ಕಂಡುಕೊಂಡ. ಹಾಗಿದ್ದೂ ಅದು ಬರಿಯ ನೀರಿಗಿಂತ ಬಹಳ ನಿಧಾನವಾಗಿ ತಣಿಯುವುದನ್ನು ಉಷ್ಣಮಾಪಕದಿಂದ ಅಳೆದ. ನೀರು ತಣಿಯುವುದು ಹೆಚ್ಚಾಗಿ ಸಂವಹನದಿಂದ: ಅಂಚಿನಲ್ಲಿ ತಣಿದ ಭಾಗ ಭಾರವಾಗಿ ಕೆಳಗಿಳಿಯುತ್ತದೆ, ನಡುವಿನ ಬಿಸಿ ಭಾಗ ಮೇಲೇರುತ್ತದೆ, ಪಾತ್ರೆ ತನ್ನನ್ನು ತಾನೇ ಕಲಕಿಕೊಳ್ಳುತ್ತದೆ. ಸೇಬಿನ ನಾರಾಗಲಿ ಗಂಜಿಯ ಪಿಷ್ಟವಾಗಲಿ ಆ ಹರಿವನ್ನು ತಡೆದುಬಿಟ್ಟರೆ ಶಾಖಕ್ಕೆ ಉಳಿಯುವ ಹಾದಿ ವಹನ ಒಂದೇ. ೧೭೯೭ರಲ್ಲಿ ಅವನು ಇದನ್ನು ಪ್ರಕಟಿಸಿದ. ದ್ರವಗಳಿಗೆ ವಹನ ಶಕ್ತಿಯೇ ಇಲ್ಲವೆಂದು ಹೇಳಿದ್ದು ಮಾತ್ರ ಅವನ ಅತಿರೇಕ. ಇದೆ, ಆದರೆ ಬಹಳ ಅಲ್ಪ; ತಾಮ್ರದ್ದರ ಆರುನೂರರಲ್ಲಿ ಒಂದು ಪಾಲು. ರಾಗಿಮುದ್ದೆಯ ಹೊರಗನ್ನು ಮುಟ್ಟಿ ನೋಡಿ ಒಳಗನ್ನು ಅಂದಾಜು ಮಾಡಿದವರಿಗೆ ಇದರ ಅನುಭವವಿದ್ದೇ ಇರುತ್ತದೆ.

ಹೀಗೆ ಕಾಳಿನ ಗಡಿಗೆಯನ್ನು ಕೆನೆಯಾಗಿಸುವ ಪಿಷ್ಟವೇ ಅದನ್ನು ಆರದಂತೆಯೂ ಮಾಡುತ್ತದೆ. ಪ್ಯೂರಿಟನ್ನರಿಗೆ ಇದು ವರವಾಗಿತ್ತು; ಒಲೆಯಲ್ಲಿ ೬೦ ಡಿಗ್ರಿಗೆ ಮೇಲಿದ್ದಷ್ಟು ಹೊತ್ತು ಆಹಾರವನ್ನು ಕೆಡಿಸುವ ಜೀವಾಣುಗಳು ಅದರಲ್ಲಿ ಬೆಳೆಯಲಾರವು. ನಾವು ಈಗ ಮುಂಚಿತವಾಗಿ ಮಾಡಿಡುವ ಕ್ರಮ ಬೇರೆ. ಬೇಯಿಸಿ, ತಣಿಸಿ, ರೆಫ್ರಿಜರೇಟರಿನಲ್ಲಿಟ್ಟು, ಮಾರನೆಯ ದಿನ ಮತ್ತೆ ಕಾಯಿಸುತ್ತೇವೆ. ಅಂದರೆ ಗಡಿಗೆ ೬೦ ಡಿಗ್ರಿಯಿಂದ ೫ ಡಿಗ್ರಿಗೆ ಇಳಿಯುವ ದಾರಿಯನ್ನು ದಾಟಲೇಬೇಕು. ಆ ದಾರಿಯಲ್ಲಿ ಕಾದು ಕುಳಿತಿರುವುದು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಜೀವಾಣು. ಅದರ ಬೀಜಾಣುಗಳು ಕುದಿಯುವಿಕೆಯನ್ನು ತಾಳಿಕೊಂಡು ಬದುಕುತ್ತವೆ. ೫೦ ಡಿಗ್ರಿಗಿಂತ ಕೆಳಗಿಳಿದೊಡನೆ ಮೊಳೆತು ಬೆಳೆಯತೊಡಗಿ, ೧೨ ಡಿಗ್ರಿಯವರೆಗೂ ಬೆಳೆಯಬಲ್ಲವು. ೪೫ ಡಿಗ್ರಿಯ ಸುಮಾರಿನಲ್ಲಿ ಅವು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ: ಒಂದು ಗಂಟೆಯಲ್ಲಿ ಒಂದಕ್ಕೆ ೬೪, ಎರಡು ಗಂಟೆಯಲ್ಲಿ ೪,೦೯೬, ಮೂರು ಗಂಟೆಯಲ್ಲಿ ೨,೬೨,೧೪೪. ತಿಂದವರಿಗೆ ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೊಟ್ಟೆನುಲಿತ, ಭೇದಿ. ದೊಡ್ಡ ಪಾತ್ರೆಗಳಲ್ಲಿ ಬೇಯಿಸುವ ಹಾಸ್ಟೆಲು, ಆಸ್ಪತ್ರೆ, ಸಮಾರಂಭದ ಮನೆಗಳಲ್ಲಿಯೇ ಈ ಕಾಯಿಲೆ ಹೆಚ್ಚು. ಮಾಂಸದ ಅಡಿಗೆ ಇದಕ್ಕೆ ಪ್ರಿಯವಾದರೂ ಕಾಳಿನ ಅಡಿಗೆಯನ್ನು ಬಿಡುವುದಿಲ್ಲ.

ದೊಡ್ಡ ಪಾತ್ರೆಗಳಲ್ಲಿಯೇ ಏಕೆ? ಗಟ್ಟಿಯಾದ ಅಡಿಗೆಯನ್ನು ಒಂದು ಹಲಗೆಯಂತೆ ಭಾವಿಸಿ, ಅದರ ಎರಡು ಮುಖಗಳನ್ನೂ ೫ ಡಿಗ್ರಿಯಲ್ಲಿ ಹಿಡಿದಿಟ್ಟಿದ್ದೇವೆ ಎಂದುಕೊಳ್ಳೋಣ. ೯೦ ಡಿಗ್ರಿಯಿಂದ ತಣಿಯುವಾಗ ಅದರ ನಡುಭಾಗ ೫೦ರಿಂದ ೧೨ ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಬೇಕೆಂದು ವಹನದ ಸಮೀಕರಣದಿಂದ ಲೆಕ್ಕ ಹಾಕಬಹುದು. ಹಲಗೆಯ ದಪ್ಪ ೫ ಸೆಂಟಿಮೀಟರ್ ಆದರೆ ಒಂದು ಗಂಟೆಗೂ ಸ್ವಲ್ಪ ಕಡಿಮೆ. ೧೦ ಸೆಂಟಿಮೀಟರ್ ಆದರೆ ಮೂರೂಮುಕ್ಕಾಲು ಗಂಟೆ. ೨೦ ಸೆಂಟಿಮೀಟರ್ ಆದರೆ ಹದಿನೈದು ಗಂಟೆ! ದಪ್ಪ ಇಮ್ಮಡಿಯಾದರೆ ಕಾಲ ನಾಲ್ಮಡಿ. ಇದು ಮುಖಗಳು ಹಿಮದಷ್ಟು ತಣ್ಣಗಿರುವ ಅನುಕೂಲದ ಲೆಕ್ಕ. ರೆಫ್ರಿಜರೇಟರಿನ ನಿಶ್ಚಲವಾದ ಗಾಳಿಯಲ್ಲಿ ಇನ್ನೂ ತಡ. ಒಂದು ಗಡಿಗೆಯನ್ನು ಹಾಗೆಯೇ ತಂಪುಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದವರು ನಿಶ್ಚಿಂತೆಯಿಂದ ಮಲಗಿದರೂ, ಗಡಿಗೆಯ ಗರ್ಭದಲ್ಲಿ ರಾತ್ರಿಯಿಡೀ ಬೇಸಿಗೆಯೇ. ಪಕ್ಕದ ಹಾಲಿಗೂ ಅದರ ಬಿಸಿ ತಾಕುತ್ತದೆ.

ಅಮೆರಿಕದ ಆಹಾರ ಸಂಹಿತೆ ಹೋಟೆಲುಗಳಿಗೆ ವಿಧಿಸಿರುವ ನಿಯಮ ಇದನ್ನು ಆಧರಿಸಿದ್ದು: ಬೆಂದ ಆಹಾರ ಎರಡು ಗಂಟೆಗಳೊಳಗೆ ೫೭ರಿಂದ ೨೧ ಡಿಗ್ರಿಗೆ, ಒಟ್ಟು ಆರು ಗಂಟೆಗಳೊಳಗೆ ೫ ಡಿಗ್ರಿಗೆ ಇಳಿದಿರಬೇಕು. ಮೊದಲ ಭಾಗಕ್ಕೆ ಗಡುವು ಬಿಗಿಯಾಗಿರುವುದು ಜೀವಾಣುಗಳ ನಾಗಾಲೋಟ ಅಲ್ಲಿಯೇ ಎಂಬ ಕಾರಣಕ್ಕೆ. ಮನೆಯಲ್ಲಿ ಇದನ್ನು ಸಾಧಿಸುವುದು ಕಷ್ಟವಲ್ಲ. ಗಡಿಗೆಯಿಂದ ಅಡಿಗೆಯನ್ನು ಅಗಲವಾದ ತಟ್ಟೆಗಳಿಗೆ ಎರಡು ಬೆರಳಿಗಿಂತ ಹೆಚ್ಚು ಆಳವಿಲ್ಲದಂತೆ ಸುರಿದು, ತಟ್ಟೆಗಳನ್ನು ತಣ್ಣೀರಿನಲ್ಲಿ, ಮಂಜುಗಡ್ಡೆಯಿದ್ದರೆ ಇನ್ನೂ ಒಳ್ಳೆಯದು, ಕೂರಿಸಿ, ನಡುನಡುವೆ ಶುದ್ಧವಾದ ಸೌಟಿನಿಂದ ಮೆಲ್ಲನೆ ತಿರುವಬೇಕು. ಪಿಷ್ಟ ನಿಲ್ಲಿಸಿಬಿಟ್ಟ ಸಂವಹನವನ್ನು ಸೌಟು ಮತ್ತೆ ನಡೆಸುತ್ತದೆ. ಹಾಲಿನ ಬಿಳಿಯ ಗೊಜ್ಜು ಹಾಕುವ ಬಗೆಯಲ್ಲಿ ಇನ್ನೊಂದು ಅನುಕೂಲವುಂಟು. ಕಾಳನ್ನೂ ಗೊಜ್ಜನ್ನೂ ಬೇರೆಬೇರೆಯಾಗಿ ತಣಿಸಿಟ್ಟುಕೊಂಡು, ಮಾರನೆಯ ದಿನ ಒಲೆಗೆ ಇಡುವ ಮುನ್ನ ಕೂಡಿಸಬಹುದು.

ಮತ್ತೆ ಕಾಯಿಸುವಾಗಲೂ ಅದೇ ಸಮೀಕರಣ, ದಿಕ್ಕು ಮಾತ್ರ ತಿರುಗಿರುತ್ತದೆ. ರೆಫ್ರಿಜರೇಟರಿನಿಂದ ತೆಗೆದ ಆಳವಾದ ಪಾತ್ರೆಯನ್ನು ಬಿಸಿ ಒಲೆಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಅಂಚಿನಲ್ಲಿ ಗುಳ್ಳೆ ಏಳುತ್ತದೆ, ಮೇಲಿನ ರೊಟ್ಟಿಯ ಪುಡಿ ಕೆಂಪಾಗುತ್ತದೆ, ನಡುಭಾಗ ಮಾತ್ರ ಇನ್ನೂ ತಣ್ಣಗೆ ಕುಳಿತಿರುತ್ತದೆ. ಕಣ್ಣು ನೋಡುವುದು ಅಂಚನ್ನು. ಆದುದರಿಂದ ಉಷ್ಣಮಾಪಕದ ತುದಿಯನ್ನು ನಟ್ಟನಡುವಿಗೆ ಚುಚ್ಚಿ ೭೪ ಡಿಗ್ರಿ ಬಂದಿದೆಯೆಂದು ನೋಡಬೇಕು. ಅಷ್ಟು ಕಾದರೆ ಬೆಳೆದ ಪರ್‌ಫ್ರಿಂಜೆನ್ಸ್ ಸಾಯುತ್ತದೆ. ಆದರೆ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಜೀವಾಣು, ಪಿಷ್ಟದ ಅಡಿಗೆಗಳನ್ನು ಬೆಚ್ಚಗೆ ಬಿಟ್ಟರೆ ಬೆಳೆಯುವಂಥದು, ಬಿಟ್ಟುಹೋಗುವ ವಾಂತಿಯ ವಿಷ ಕುದಿಸಿದರೂ ಹಾಳಾಗದು. ತಣಿಸುವಾಗ ತಪ್ಪಿದುದನ್ನು ಕಾಯಿಸಿ ಸರಿಪಡಿಸಲಾಗದು. ರೊಟ್ಟಿಯ ಪುಡಿಯನ್ನು ಕೊನೆಯ ಹತ್ತು ಹದಿನೈದು ನಿಮಿಷಗಳಿಗೆ ಉಳಿಸಿಕೊಳ್ಳುವುದು ಮೇಲು. ಮೊದಲೇ ಹಾಕಿದರೆ ಗೊಜ್ಜಿನ ನೀರನ್ನು ಕುಡಿದು ಮೆತ್ತಗಾಗುತ್ತದೆ, ಇಲ್ಲವೆ ನಡುಭಾಗ ಬಿಸಿಯಾಗುವ ಹೊತ್ತಿಗೆ ಸುಟ್ಟು ಕರಿದಾಗುತ್ತದೆ. ಅಲ್ಲಿಯವರೆಗೆ ಪಾತ್ರೆಗೆ ಮುಚ್ಚಳವಿರಲಿ.